ಅವ್ವನಿಗೆ ಹೇಳಿದ ಮಸ್ಕತ್ತಿನ ದೂರ

ಕೊಣನೂರು

ಕೊಣನೂರಿನ ಬಸ್ ಸ್ಟ್ಯಾಂಡಿನಲ್ಲಿ ನೀವು ಯಾವತ್ತಾದರೂ ನಿಂತಿದ್ದರೆ ನನ್ನ ಗಂಟಲು ನಿಮಗೆ ಗೊತ್ತಿರುತ್ತದೆ. "ಅರಕಲಗೂಡು, ಒಳೇನರಸೀಪುರ, ಚನ್ರಾಯಪಟ್ಣ, ಬೆಂಗ್ಳೂರು, ಬನ್ನಿ ಬನ್ನಿ" ಎಂದು ಕೂಗುವವನು ನಾನೇ, ಖಾಸಗಿ ಬಸ್ಸುಗಳ ಏಜೆಂಟ್ ನಂಜುಂಡ. ಏಳನೇ ಕ್ಲಾಸು ಮುಗಿಸಿ ಪುಸ್ತಕ ಕೆಳಗಿಟ್ಟವನು, ಆಮೇಲೆ ಓದಿದ್ದೆಲ್ಲ ಬಸ್ಸಿನ ಬೋರ್ಡು. ನಮ್ಮ ಕೆಲಸದಲ್ಲಿ ದಾರಿಯನ್ನು ಸ್ವಲ್ಪ ಕಡಿಮೆ ಮಾಡಿ ಹೇಳುವುದು ರೂಢಿ. ಎರಡೂವರೆ ಗಂಟೆ ಹಿಡಿಯುವ ಊರಿಗೆ "ಒಂದೂವರೆ ಗಂಟೆ ಅಷ್ಟೇಯ ಅಕ್ಕ, ಅತ್ತಿ ಕೂತ್ಕಳಿ" ಎನ್ನುತ್ತೇವೆ. ಹತ್ತಿ ಕೂತವರು ದಾರಿಯಲ್ಲಿ ಬೈದುಕೊಳ್ಳುತ್ತಾರೆ, ಮಾರನೆಯ ವಾರ ಮತ್ತೆ ಬಂದು ನನ್ನನ್ನೇ ಕೇಳುತ್ತಾರೆ.

ಜೀವಮಾನದಲ್ಲಿ ಒಂದೇ ಒಂದು ದಾರಿಯನ್ನು ನಾನು ಹೆಚ್ಚು ಮಾಡಿ ಹೇಳಿದೆ. ಅದು ಮಸ್ಕತ್ತಿನ ದಾರಿ. ಕೇಳಿದವಳು ನನ್ನ ಅವ್ವ.

ಮಸ್ಕತ್ತಿನಲ್ಲಿರುವವಳು ನನ್ನ ತಂಗಿ ಮಂಗಳ. ಅವಳ ಗಂಡ ಅಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದಾನೆ. ಹನ್ನೊಂದು ವರ್ಷದ ಹಿಂದೆ ಅವಳೂ ಅಲ್ಲಿಗೆ ಹೋದಳು. ಹೋದ ತಿಂಗಳೊಳಗೆ ಅವ್ವ ಶುರು ಮಾಡಿದಳು. "ಒಂದ್ಸಲ ಕರ್ಕಂಡೋಗ್ಲಾ. ಅವಳ ಮನೆ ಎಂಗದೆ ನೋಡ್ಬೇಕು. ಒಲೆ ಯಾವ ದಿಕ್ಕಿಗೆ ಇಟ್ಟವಳೋ ಏನೋ." ಕರೆದುಕೊಂಡು ಹೋಗಬೇಕೆಂದರೆ ಹಾಸನಕ್ಕೆ ಅಲೆಯಬೇಕು, ಪಾಸ್‌ಪೋರ್ಟು ಮಾಡಿಸಬೇಕು, ನನಗೂ ಮಾಡಿಸಬೇಕು. ಸೋಮಾರಿತನ ಒಂದು ಕಡೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ದಿನಕ್ಕೆ ನೂರಾರು ಜನರನ್ನು ಬಸ್ಸು ಹತ್ತಿಸಿ ಕಳಿಸುವ ನಾನು ಎಲ್ಲಿಗೂ ಹೋದವನಲ್ಲ. ನಮ್ಮ ಬೀದಿಯವರೆಲ್ಲ ಮಂಗಳನ ಮಾತನ್ನೇ ಆಡುವಾಗ ನಾನು ಎದ್ದು ಸ್ಟ್ಯಾಂಡಿಗೆ ಹೋಗಿಬಿಡುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಅವ್ವ ಮತ್ತೆ ಕೇಳಿದಳು, ನಾನು ಹೇಳಿಬಿಟ್ಟೆ: "ಎರಡು ದಿನ, ಎರಡು ರಾತ್ರಿ ಕೂತಲ್ಲೇ ಕೂತಿರ್ಬೇಕು ಕಣವ್ವ. ನಿನ್ ಕೈಲಾಗಲ್ಲ."

ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಳ್ಳುತ್ತಿದ್ದ ಅವ್ವ ಮತ್ತೆ ಆ ಮಾತೆತ್ತಲಿಲ್ಲ. ಬೀದಿಯವರು ಕೇಳಿದರೆ "ಎರಡು ದಿನದ ದಾರಿ, ನಮ್ ನಂಜುಂಡನೇ ಏಳವ್ನೆ" ಎನ್ನುತ್ತಿದ್ದಳು. ದಾರಿಯ ವಿಷಯದಲ್ಲಿ ನನ್ನ ಮಾತಿಗೆ ಊರಿನಲ್ಲಿ ಎರಡು ಮಾತಿಲ್ಲ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅವತ್ತಿನಿಂದ ಮಂಗಳ ಊರಿಗೆ ಬಂದಿಲ್ಲ. ಈ ಸಲ ಭಾವ, ಅವಳ ಗಂಡ, ಟಿಕೆಟ್ ಕಳಿಸಿ ಬಾ ಎಂದ. ಊರಿನವರಿಗೆ ತಂಗಿಯನ್ನು ನೋಡಿ ಬರುತ್ತೇನೆ ಎಂದೆ. ನಿಜಕ್ಕೂ ನಾನು ಹೊರಟಿದ್ದು ಅವಳಿಗೆ ಒಂದು ಮಾತು ಹೇಳುವುದಕ್ಕೆ.

ಚನ್ನರಾಯಪಟ್ಟಣ

ಮುಂಜಾನೆಯ ಮೊದಲ ಬಸ್ಸಿಗೆ ಹೊರಟೆ. ಬೇರೆಯವನು ಕೂಗುವಾಗ ಬಸ್ಸಿನೊಳಗೆ ಕೂರುವುದು ವಿಚಿತ್ರ ಅನುಭವ. ಅರಕಲಗೂಡು ದಾಟುವಷ್ಟರಲ್ಲಿ ಬೆಳಕಾಯಿತು. ಹೊಳೆನರಸೀಪುರದಲ್ಲಿ ಸೇತುವೆ ದಾಟುವಾಗ ಹೇಮಾವತಿ ತುಂಬಿ ಹರಿಯುತ್ತಿತ್ತು.

ಮಂಗಳನ ಗಂಡನ ಮನೆ ಇರುವುದು ಚನ್ನರಾಯಪಟ್ಟಣದಲ್ಲಿ. ಅವಳ ಅತ್ತೆಗೆ ನಾನು ಹೋಗುವ ಸುದ್ದಿ ಗೊತ್ತಿದ್ದು, ಒಂದು ಕೈಚೀಲ ಹಿಡಿದು ಸ್ಟ್ಯಾಂಡಿಗೇ ಬಂದಿದ್ದರು. ಚೀಲದ ತುಂಬ ಕೊಬ್ಬರಿ ಗಿಟುಕು.

"ಅಲ್ಲಿ ಸಿಗೋ ಕೊಬ್ರೀಲಿ ಎಣ್ಣೇನೇ ಇರಲ್ವಂತೆ. ಒಂದಾದ್ರೂ ಮುರಿದ್ಯೋ, ನೋಡು!" ಎಂದು ನನ್ನ ಮಡಿಲಿಗೆ ಹಾಕಿದರು. ಬಸ್ಸು ಹೊರಡುವಾಗ ಕಿಟಕಿ ಹಿಡಿದುಕೊಂಡು, "ಅವಳ್ಗೆ ಏಳಪ್ಪ, ಸಿಟ್ಟು ಸತ್ತೋರ ಮೇಲೂ ಬ್ಯಾಡ, ಇದ್ದೋರ ಮೇಲೂ ಬ್ಯಾಡ, ಬಂದೋಗು ಅಂತ" ಎಂದರು.

ನನ್ನ ಸುಳ್ಳು ಒಂಬತ್ತು ವರ್ಷ ಬದುಕಿದ್ದು ಈ ಊರಿನಿಂದಲೇ. ಮಂಗಳ ಎರಡು ವರ್ಷಕ್ಕೊಮ್ಮೆ ರಜಕ್ಕೆ ಬರುತ್ತಿದ್ದಳು. ಬಂದವಳು ಮೊದಲು ಗಂಡನ ಮನೆಗೇ ಹೋಗಬೇಕು, ಅದು ನಮ್ಮ ಕಡೆಯ ಪದ್ಧತಿ. ಒಂದು ದಿನ ಅಲ್ಲಿ ಉಳಿದು, ಅತ್ತೆ ಮಡಿಲು ತುಂಬಿ ಕಳಿಸಿದ ಮೇಲೆ ತವರಿಗೆ ಬರಬೇಕು. ಅವಳು ನಮ್ಮ ಬಾಗಿಲಿಗೆ ಕಾಲಿಡುವ ಹೊತ್ತಿಗೆ ಮಸ್ಕತ್ತು ಬಿಟ್ಟು ಮೂರನೆಯ ದಿನವಾಗಿರುತ್ತಿತ್ತು. ಅವ್ವ ಬೆರಳಲ್ಲಿ ಎಣಿಸಿ, "ಸರ್ಯಾಗದೆ ನೋಡು" ಎನ್ನುತ್ತಿದ್ದಳು. ನಾನು ಅತ್ತ ತಿರುಗಿ ಕೂರುತ್ತಿದ್ದೆ.

ಬೆಂಗಳೂರು ವಿಮಾನ ನಿಲ್ದಾಣ

ಬೆಂಗಳೂರು ಮುಟ್ಟಿ, ಇನ್ನೊಂದು ಬಸ್ಸು ಹಿಡಿದು ವಿಮಾನ ನಿಲ್ದಾಣ ಸೇರುವಾಗ ಮನೆ ಬಿಟ್ಟು ಏಳು ಗಂಟೆ ಮೀರಿತ್ತು. ಒಳಗೆ ಎಲ್ಲ ನುಣುಪು. ಕಾಲು ಜಾರುತ್ತದೇನೋ ಎಂದು ಗೋಡೆಯ ಬದಿಗೇ ನಡೆದೆ. ಎದುರು ಬಂದವನೊಬ್ಬ ನನಗಿಂತಲೂ ಹೆದರಿದವನ ಹಾಗೆ ಕಂಡ. ಹತ್ತಿರ ಹೋದ ಮೇಲೆ ಅದು ಕನ್ನಡಿಯಲ್ಲಿದ್ದ ನಾನೇ ಎಂದು ಗೊತ್ತಾಯಿತು.

ಪೆಟ್ಟಿಗೆಯನ್ನು ಯಂತ್ರದೊಳಗೆ ಕಳಿಸಿದ ಮೇಲೆ ನನ್ನ ಹೆಸರು ಕೂಗಿದರು. ಒಬ್ಬ ಅಧಿಕಾರಿ ಪೆಟ್ಟಿಗೆ ತೆರೆಸಿ, ಅಂಗಿಗಳ ಅಡಿಯಿಂದ ಕೊಬ್ಬರಿ ಚೀಲ ಎತ್ತಿದರು.

"ಕೊಬ್ಬರಿ ವಿಮಾನದಲ್ಲಿ ಬಿಡೋದಿಲ್ಲ."

"ಯಾಕೆ ಸಾ? ಇದೇನು ಬಾಂಬಾ?"

"ಎಣ್ಣೆ ಇರುತ್ತಲ್ಲ, ಬಿಸಿಯಾದ್ರೆ ಬೆಂಕಿ ಹತ್ತುತ್ತೆ. ರೂಲ್ಸು."

"ನಮ್ಮನೆ ಅಟ್ಟದ ಮೇಲೆ ಮೂಟೆಗಟ್ಲೆ ಬಿದ್ದದೆ ಸಾ. ಒಂದಿನಾನೂ ಬೆಂಕಿ ಅತ್ತಿಲ್ಲ."

ಅವರಿಗೆ ನಗು ಬಂತು. "ನಿಮ್ಮ ಅಟ್ಟ ಆಕಾಶದಲ್ಲಿ ಹಾರುತ್ತಾ?" ಎಂದರು. ರಾಗಿ ಹಿಟ್ಟು, ಹುರಳಿಕಾಳು, ಹುಚ್ಚೆಳ್ಳಿನ ಪುಡಿ ಉಳಿದವು. ಅಷ್ಟು ಕೊಬ್ಬರಿಯನ್ನು ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿನ ಕೈಗೆ ಕೊಟ್ಟೆ. ಅವಳು ಮೂಸಿ ನೋಡಿ, "ತಿಪಟೂರಿಂದಾ?" ಎಂದಳು. "ಚನ್ನರಾಯಪಟ್ಟಣದ್ದು" ಎಂದೆ, ಸ್ವಲ್ಪ ಜೋರಾಗಿಯೇ.

ಸಮುದ್ರದ ಮೇಲೆ

ವಿಮಾನದಲ್ಲಿ ನನ್ನ ಪಕ್ಕ ಕೂತವರು ಹಾಸನದ ಹತ್ತಿರದ ದುದ್ದದ ಜಯಮ್ಮ. ಅರವತ್ತರ ಮೇಲಾಗಿದೆ. ಮಗಳ ಬಾಣಂತನಕ್ಕೆ ಹೊರಟಿದ್ದರು, ಅದೂ ಮೂರನೆಯ ಸಲ. ಬೆಲ್ಟು ಹಾಕುವುದು ತಿಳಿಯದೆ ನಾನು ಪರದಾಡುತ್ತಿದ್ದಾಗ ಅವರೇ ಟಕ್ಕೆಂದು ಸಿಕ್ಕಿಸಿದರು.

"ಮೊದ್ಲ ಸಲವೇನಪ್ಪ?"

"ಊ ಕಣಮ್ಮ. ನಿಮಗೆ ಭಯ ಆಗಕಿಲ್ವಾ?"

"ಭಯ ಏನು ಬಂತು? ದುದ್ದದಿಂದ ಬೆಂಗ್ಳೂರಿಗೆ ಬರೋದೇ ತಾಪತ್ರಯ. ಇಲ್ಲಿಂದಾಚೆಗೆ ಏನದೆ? ಊಟ ಕೊಡ್ತರೆ, ಒಂದು ನಿದ್ದೆ ತೆಗೆದ್ರೆ ಊರೇ ಬಂದೋಯ್ತದೆ. ಮೂರೂವರೆ ಗಂಟೆ."

ನನಗೆ ಆ ಲೆಕ್ಕ ಗೊತ್ತಿರಲಿಲ್ಲವೆಂದಲ್ಲ. ಅವ್ವನಿಗೆ ಸುಳ್ಳು ಹೇಳಿದ ದಿನವೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಒಬ್ಬ ಮುದುಕಿ ಅದನ್ನು ತನ್ನ ಬಾಯಲ್ಲಿ ಹೇಳಿ ಎಲೆಅಡಿಕೆ ಚೀಲ ಬಿಚ್ಚುವುದನ್ನು ನೋಡುವುದು ಬೇರೆ. ನನ್ನ ಅವ್ವನಿಗೂ ಅಷ್ಟೇ ವಯಸ್ಸಿತ್ತು, ಅಂಥದೇ ಚೀಲವಿತ್ತು.

ಎದುರಿನ ಸೀಟಿನ ಬೆನ್ನಿಗೆ ಸಣ್ಣ ಪರದೆ. ಅದರಲ್ಲಿ ಭೂಪಟ, ಭೂಪಟದ ಮೇಲೆ ಪುಟ್ಟ ವಿಮಾನ, ಕೆಳಗೆ ಉಳಿದ ದೂರ, ಉಳಿದ ಹೊತ್ತು. ಬಸ್ ಸ್ಟ್ಯಾಂಡಿನವನಾದ ನನಗೆ ಅದಕ್ಕಿಂತ ಒಳ್ಳೆಯ ಸಿನಿಮಾ ಬೇಕಿರಲಿಲ್ಲ. ಹೊರಡುವಾಗ ಎರಡು ಸಾವಿರ ಕಿಲೋಮೀಟರಿಗೂ ಮೇಲಿದ್ದ ದೂರ ನೋಡನೋಡುತ್ತ ಕರಗಿತು. ಯಾವ ಸ್ಟಾಪೂ ಇಲ್ಲ, ಯಾರೂ ಇಳಿಯುವುದಿಲ್ಲ, ಹತ್ತುವುದಿಲ್ಲ. ಕೆಳಗೆ ಬರೀ ನೀರು. ಅನ್ನ ಕೊಟ್ಟ ಹುಡುಗಿಯನ್ನು ಅಭ್ಯಾಸಬಲದಿಂದ "ಎಲ್ಲಿ ಬಂತಮ್ಮ?" ಎಂದು ಕೇಳಿದೆ. ಅವಳು ನಕ್ಕು ಇನ್ನೊಂದು ಬನ್ನು ಕೊಟ್ಟಳು.

ಅವ್ವ ಹೋದ ದಿನವನ್ನು ಆ ಪರದೆಯ ಮುಂದೆ ಇನ್ನೊಮ್ಮೆ ಹಾದು ಬಂದೆ. ಬೆಳಿಗ್ಗೆ ಐದಕ್ಕೆ ಉಸಿರು ನಿಂತಿತು. ಐದೂವರೆಗೆ ಮಂಗಳನಿಗೆ ಫೋನು ಮಾಡಿದೆ. ಅವಳು ಅಳುತ್ತಲೇ, "ಇವತ್ತೇ ಬತ್ತೀನಿ ಅಣ್ಣ. ಬೆಳಿಗ್ಗೆ ವಿಮಾನ ಅದೆ. ಹೊತ್ತು ಮುಳುಗೋದ್ರೊಳಗೆ ಬತ್ತೀನಿ. ನನ್ ಬಿಟ್ಟು ಮಣ್ಣು ಮಾಡ್ಬೇಡಿ" ಎಂದಳು. ಫೋನಿಟ್ಟೆ. ಅಂಗಳದ ತುಂಬ ಜನ. ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಮನೆಗೆ ಹಿರಿಯರು, ಎಲ್ಲರ ಎದುರಿಗೆ ಕೇಳಿದರು: "ಏನ್ಲಾ ನಂಜುಂಡ, ಕೂಸು ಬರಕ್ಕೆ ಎಷ್ಟೊತ್ತಾಯ್ತದೆ?"

ಅಲ್ಲಿ ಕೂತಿದ್ದ ಎಲ್ಲರಿಗೂ ಅದು ಎರಡು ದಿನದ ದಾರಿ. ಅವ್ವನೇ ಸಾರಿದ್ದಳು. ಸಂಜೆಗೆ ಬರುತ್ತಾಳೆ ಎಂದರೆ, ಒಂಬತ್ತು ವರ್ಷ ಹೆತ್ತವಳಿಗೆ ಸುಳ್ಳು ಹೇಳಿದವನು ಇವನು ಎಂದು ಅವ್ವನ ಹೆಣದ ಮುಂದೆಯೇ ಬಯಲಾಗುತ್ತದೆ. ಬಾಯಿಗೆ ಹೀಗೆ ಬಂತು: "ನಾಳಿದ್ದು ಆಯ್ತದೆ ದೊಡ್ಡಪ್ಪ."

ಅಷ್ಟು ಹೊತ್ತು ಇಡುವಂತಿಲ್ಲ ಎಂದು ಅವರು ತೀರ್ಮಾನ ಮಾಡಿದರು. ನಾಲ್ಕು ಗಂಟೆಗೆ ಅವ್ವನನ್ನು ಕೂರಿಸಿ, ವಿಭೂತಿ ಬಿಲ್ವಪತ್ರೆ ಹಾಕಿ, ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದೆವು. ಮಂಗಳನ ಕಾರು ಬಂದಾಗ ಆರು ಗಂಟೆ. ಇನ್ನೂ ಬಿಸಿಲಿತ್ತು. "ಯಾಕೆ ಕಾಯ್ಲಿಲ್ಲ?" ಎಂದು ನನ್ನ ಎದೆಗೆ ಗುದ್ದಿದಳು. "ದೊಡ್ಡಪ್ಪ ಒಪ್ಪಲಿಲ್ಲ" ಎಂದೆ. ಅವಳಿಗೆ ಹೇಳಿದ್ದು ಅಷ್ಟೇ. ಇಷ್ಟು ಬೇಗ ಹೇಗೆ ಬಂದಳು ಎಂದ ದೊಡ್ಡಪ್ಪನಿಗೂ ಊರಿನವರಿಗೂ, ಸಾವೆಂದು ಬೇಗ ಮುಟ್ಟುವ ಬೇರೆ ವಿಮಾನ ಹತ್ತಿಸಿದರಂತೆ ಎಂದೆ. ಅವತ್ತಿನಿಂದ ಅವಳು ದೊಡ್ಡಪ್ಪನ ಮುಖ ನೋಡಲಿಲ್ಲ. ಅವರು ಫೋನು ಮಾಡಿದರೂ ಎತ್ತುತ್ತಿರಲಿಲ್ಲ.

ಚಕ್ರ ನೆಲಕ್ಕೆ ತಾಗಿದಾಗ ಜಯಮ್ಮ ಎಚ್ಚರಗೊಂಡು, "ಬಂತಾ? ನೋಡು, ನಾನು ಏಳ್ಲಿಲ್ವಾ" ಎಂದರು. ಮಸ್ಕತ್ತಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಆ ಗಡಿಯಾರದ ಪ್ರಕಾರ ನಾವು ಹೊರಟು ಎರಡೇ ಗಂಟೆಯಾಗಿತ್ತು.

ಮಸ್ಕತ್ತು, ಮೊದಲೆರಡು ದಿನ

ಭಾವ ಕಾರು ತಂದಿದ್ದ. ದಾರಿಯುದ್ದಕ್ಕೂ ಬೋಳು ಬೆಟ್ಟ. ಮೇಯುವುದಕ್ಕೆ ಒಂದು ಕಡ್ಡಿ ಹುಲ್ಲಿಲ್ಲ. ಕೆಳಗೆ ಬೆಳ್ಳಗಿನ ಮನೆಗಳು, ಸುಣ್ಣ ಹೊಡೆದು ಒಣಗಲು ಇಟ್ಟ ಹಾಗೆ. ನಾನು ರಸ್ತೆ ದಾಟಲು ಅಂಚಿನಲ್ಲಿ ನಿಂತರೆ ಸಾಕು, ಎರಡೂ ಕಡೆಯ ಕಾರುಗಳು ನಿಂತುಬಿಡುತ್ತಿದ್ದವು. ಅಷ್ಟು ಜನ ನನಗಾಗಿ ಕಾಯುವುದಕ್ಕೆ ನಾಚಿಕೆಯಾಗಿ ಓಡಿದೆ. "ಓಡ್ಬೇಡ ಭಾವ, ಕಳ್ಳ ಅನ್ಕಂತಾರೆ" ಎಂದು ಅವನು ನಕ್ಕ. ಅವನು ತಮಾಷೆಗೇ ಅಂದಿದ್ದು.

ಅಲ್ಲಿಯ ಬಸ್ ಸ್ಟ್ಯಾಂಡನ್ನೂ ನೋಡಿ ಬಂದೆ. ಕೂಗುವವರು ಒಬ್ಬರೂ ಇಲ್ಲ. ಬಸ್ಸು ಬರುತ್ತದೆ, ಹೊತ್ತಿಗೆ ಹೊರಡುತ್ತದೆ, ಖಾಲಿ ಇದ್ದರೂ ಹೊರಡುತ್ತದೆ. ಬೋರ್ಡಿನಲ್ಲಿ ಬರೆದಷ್ಟೇ ಹೊತ್ತು ಹಿಡಿಯುತ್ತದೆಯಂತೆ. ನನ್ನಂಥವನಿಗೆ ಆ ಊರಿನಲ್ಲಿ ಅನ್ನ ಹುಟ್ಟುವುದಿಲ್ಲ.

ಎರಡನೆಯ ದಿನ ಭಾವನ ಯಜಮಾನರ ಮನೆಗೆ ಹೋದೆವು. ಬಿಳಿ ನಿಲುವಂಗಿ, ಕಸೂತಿ ಟೋಪಿ, ನೆರೆತ ಗಡ್ಡ. ಕೆಳಗೆ ಜಮಖಾನದ ಮೇಲೆ ಕೂರಿಸಿ ಖರ್ಜೂರ ಕೊಟ್ಟು, ಹೆಬ್ಬೆಟ್ಟಿನಷ್ಟು ಬಟ್ಟಲಿಗೆ ಕಹಿ ಕಾಫಿ ಸುರಿದರು. ಕುಡಿದಿಟ್ಟೆ, ಮತ್ತೆ ಸುರಿದರು. ಕುಡಿದೆ, ಮತ್ತೆ ಸುರಿದರು. ಸಾಕು ಎನ್ನಲು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರೆ, ಬಿಸಿ ಎಂದುಕೊಂಡು ಆರಲು ಬಿಟ್ಟು ಮತ್ತೆ ಸುರಿದರು. ಏಳನೆಯದಕ್ಕೆ ಭಾವ ನನ್ನ ಕಿವಿಯಲ್ಲಿ, "ಬಟ್ಟಲು ಅಲ್ಲಾಡಿಸು, ಅದೇ ಇಲ್ಲಿ ಸಾಕು ಅನ್ನೋದು" ಎಂದ. ಅಲ್ಲಾಡಿಸಿದೆ, ನಿಂತಿತು.

ಅವರ ಕ್ಷೇಮ ಸಮಾಚಾರ ಉದ್ದ. ಹಿಂದಿಯಲ್ಲಿ ಒಂದೊಂದಾಗಿ ಕೇಳಿದರು. ಊರು ಹೇಗಿದೆ, ಮಳೆ ಬಂತೇ, ಮಕ್ಕಳು ಚೆನ್ನಾಗಿದ್ದಾರೆಯೇ, ತಾಯಿ ಚೆನ್ನಾಗಿದ್ದಾರೆಯೇ. ಎಲ್ಲಕ್ಕೂ ಹೂಂ ಹೂಂ ಎನ್ನುತ್ತಿದ್ದವನು ಅದಕ್ಕೂ "ಚೆನ್ನಾಗಿದ್ದಾರೆ" ಎಂದುಬಿಟ್ಟೆ. ಭಾವ ನನ್ನ ಕಡೆ ನೋಡಿದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳುತ್ತಿದ್ದ ನನಗೆ ಅಲ್ಲಿಂದ ಎದ್ದು ಬರುವಾಗ ಇನ್ನು ತಡೆಯಬಾರದು ಎನಿಸಿತು.

ಮೂರನೆಯ ದಿನ, ಮಂಗಳನ ಅಡುಗೆಮನೆ

ಮಂಗಳ ಮಕ್ಕಳ ಶಾಲೆಯೊಂದರಲ್ಲಿ ಆಯಾ. ಮಧ್ಯಾಹ್ನ ಮನೆಗೆ ಬಂದು ನಾನು ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ತೊಳಸುತ್ತಿದ್ದಳು. ಭಾವ ಕೆಲಸಕ್ಕೆ ಹೋಗಿದ್ದ. ಅವಳ ಒಲೆ ಪೂರ್ವಕ್ಕಿತ್ತು. ನೋಡಬೇಕೆಂದಿದ್ದ ಅವ್ವನಿಗೆ ಅದನ್ನು ಹೇಳುವ ಹಾಗಿರಲಿಲ್ಲ.

ಅವಳೇ ಮಾತು ತೆಗೆದಳು. "ಒಂದು ಕೇಳ್ಲಾ ಅಣ್ಣ? ಅವ್ವಂಗೆ ನಾನು ಅಂದ್ರೆ ಬೇಜಾರಿತ್ತಾ?"

"ಯಾಕಂಗಂತೀಯ?"

"ಒಂದಿನಾನೂ ಬಾ ಅನ್ಲಿಲ್ಲ. ನಾನೇ ಬತ್ತೀನಿ ಅಂದ್ರೂ, ಬ್ಯಾಡ ಕಣವ್ವ, ದೂರ, ಸುಮ್ಕೆ ಬಳಲ್ಬೇಡ ಅನ್ನೋಳು. ಉಷಾರಿಲ್ದಾಗ್ಲೂ ಅದೇ ಮಾತು. ನೀನೇ ಇಲ್ಲಿಗೆ ಬಾ ಅಂದ್ರೆ ನಕ್ಕುಬುಡೋಳು. ದೂರ ಕಳಿಸ್ದ ಮಗಳು ದೂರಾನೇ ಇರ್ಲಿ ಅನ್ಕಂಡ್ಳೇನೋ."

ಎರಡು ವರ್ಷ ನಾನು ಒಂದೇ ತಪ್ಪಿಗಾಗಿ ಕೊರಗುತ್ತಿದ್ದೆ, ಮಣ್ಣಿನ ದಿನದ್ದು. ಇದು ನನಗೆ ಹೊಳೆದೇ ಇರಲಿಲ್ಲ. ಅವ್ವ ಕರೆಯದೆ ಇದ್ದದ್ದು ಮಗಳು ಎರಡು ದಿನ ಎರಡು ರಾತ್ರಿ ಕೂತು ಬರಬಾರದೆಂದು. ಮಗಳು ಅದನ್ನು ಬೇರೆ ಥರ ತಿಳಿದುಕೊಂಡು ಇಲ್ಲಿ ಒಬ್ಬಳೇ ಕೂತಿದ್ದಳು.

ಹೇಳಿದೆ. ಊಟಕ್ಕೆ ಕೂತು ಅವ್ವನಿಗೆ ಹೇಳಿದ್ದು, ಅವ್ವ ಬೆರಳಲ್ಲಿ ಎಣಿಸಿದ್ದು, ಅಂಗಳದಲ್ಲಿ ದೊಡ್ಡಪ್ಪ ಕೇಳಿದ್ದು, ನಾಳಿದ್ದು ಎಂದದ್ದು, ಆಮೇಲೆ ಅವರ ಮೇಲೆ ಹಾಕಿದ್ದು. ಒಂದನ್ನೂ ಬಿಡಲಿಲ್ಲ. ಮಂಗಳ ತೊಳಸುವುದನ್ನು ನಿಲ್ಲಿಸಿದ್ದಳು. ಹಿಟ್ಟು ತಳ ಹಿಡಿದು ವಾಸನೆ ಬಂತು. ಒಲೆ ಆರಿಸಿದಳು.

"ಅವ್ವಂಗೆ ಗೊತ್ತಿರ್ಲಿಲ್ವಾ? ಮೂರೂವರೆ ಗಂಟೆ ಅಂತ ಅವಳ್ಗೆ ಗೊತ್ತೇ ಇರ್ಲಿಲ್ವಾ?"

"ಇಲ್ಲ ಕಣವ್ವ."

"ಆಸ್ಪತ್ರೇಲಿ ಇದ್ದಾಗ್ಲೂ?"

"ಇಲ್ಲ."

ಬೈಯುತ್ತಾಳೆಂದು ಕಾದೆ. ಅವಳು ಸೀದ ಮುದ್ದೆಯನ್ನು ಬಟ್ಟಲಿಗೆ ಹಾಕಿ ನನ್ನ ಮುಂದಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅದನ್ನು ಪೂರ್ತಿ ತಿಂದೆ. ಬಿಡುವುದಕ್ಕೆ ನನಗೆ ಹಕ್ಕಿಲ್ಲ ಎನಿಸಿತು.

ಐದನೆಯ ದಿನ

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಹೊತ್ತುಹೊತ್ತಿಗೆ ತಟ್ಟೆ ಮಾತ್ರ ಬಂತು. ಭಾವನಿಗೆ ಎಲ್ಲ ಹೇಳಿದ್ದಳು. ಅವನು ಪಾಪ, ನನ್ನನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಿ ಹಡಗು ತೋರಿಸಿದ. "ಅವಳ್ಗೆ ಟೈಮ್ ಕೊಡು ಭಾವ" ಎಂದ. ಆ ಕಡಲಿನಾಚೆ ನಮ್ಮೂರಿತ್ತು. ಅಷ್ಟು ಹತ್ತಿರದಲ್ಲಿ ನಿಂತು ಅಷ್ಟು ದೂರ ಅನಿಸಿದ್ದು ಅದೇ ಮೊದಲು.

ಐದನೆಯ ದಿನ ಸಂಜೆ ನಾನು ಪೆಟ್ಟಿಗೆ ತುಂಬುತ್ತಿದ್ದಾಗ ಮಂಗಳ ಬಂದು ಎದುರಿಗೆ ಫೋನು ಇಟ್ಟಳು. ಪರದೆಯ ಮೇಲೆ ದೊಡ್ಡಪ್ಪನ ಮುಖ. ಮುಖಕ್ಕಿಂತ ಹೆಚ್ಚಾಗಿ ಕಿವಿ ಕಾಣುತ್ತಿತ್ತು.

"ಯಾರು, ಮಂಗಳಾನಾ?" ಎಂದರು. ನಂಬಲಾಗದವರ ದನಿ. "ನನ್ ಫೋನು ನಿಂಗೆ ಓಯ್ತದಾ ಕೂಸೇ?"

ಅವಳು ನನ್ನ ಕಡೆ ಕೈ ತೋರಿಸಿದಳು. "ನೀನೇ ಏಳು."

ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ, ಅಲ್ಲ. ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಅವರ ಕಿವಿ ಪರದೆಯಿಂದ ಸರಿದು, ಬರೀ ಮನೆಯ ತೊಲೆ ಕಂಡಿತು.

"ಲೋ ನಂಜುಂಡ" ಎಂದಿತು ತೊಲೆ. "ಎರಡು ವರ್ಷದಿಂದ ನಾನು ಆ ಕೂಸಿನ ಕೈ ಮಣ್ಣು ತಪ್ಪಿಸ್ದೆ ಅಂತ ಒಂದು ಹೊತ್ತೂ ನೆಟ್ಟಗೆ ಉಂಡಿಲ್ಲ ಕಣ್ಲಾ. ನೀನು ದಿನಾ ನನ್ ಮುಂದೇನೇ ಓಡಾಡ್ತಿದ್ದೆ."

ಮಂಗಳ ಫೋನು ತೆಗೆದುಕೊಂಡಳು.

"ದೊಡ್ಡಪ್ಪ, ಇವ್ನು ನಿಜ ಏಳಿದ್ರೆ ಕಾಯ್ತಿದ್ಯಾ?"

"ಹೊತ್ತು ಮುಳುಗೋಗಂಟ ಕಾಯ್ತಿದ್ದೆ. ಮುಳುಗಿದ್ರೂ ಕಾಯ್ತಿದ್ದೆ ಕಣವ್ವ. ನೀನು ಬಾರ್ದೆ ಅವಳ್ನ ಹೆಂಗೆ ಕಳಿಸೋದು?"

ಆಗ ಅವಳು ಅತ್ತಳು. ಅವ್ವ ಹೋದ ಎರಡು ವರ್ಷಕ್ಕೆ, ಭಾವ ಆಮೇಲೆ ಹೇಳಿದ, ಅದೇ ಮೊದಲ ಸಲ ಜೋರಾಗಿ ಅತ್ತದ್ದಂತೆ. ನಾನು ಹತ್ತಿರ ಹೋಗಲಿಲ್ಲ.

ಮಾರನೆಯ ದಿನ ವಿಮಾನ ನಿಲ್ದಾಣಕ್ಕೆ ಭಾವ ಒಬ್ಬನೇ ಬಂದ. ಮಂಗಳ ಬಾಗಿಲಲ್ಲಿ ನಿಂತು ಒಂದು ಖರ್ಜೂರದ ಡಬ್ಬಿ ಕೊಟ್ಟು, "ದೊಡ್ಡಪ್ಪನ ಕೈಗೇ ಕೊಡು" ಎಂದಳು. ಹೋಗಿಬರುತ್ತೇನೆ ಎಂದೆ. ತಲೆಯಾಡಿಸಿದಳು, ಅಷ್ಟೇ.

ಮತ್ತೆ ಊರು

ಬಂದು ನಾಲ್ಕು ತಿಂಗಳಾಯಿತು. ಊರಿನಲ್ಲಿ ಮಸ್ಕತ್ತು ಹೇಗಿತ್ತು ಎಂದು ಕೇಳುವವರಿಗೆ ಬೆಟ್ಟದ ಬಣ್ಣ, ಕಾಫಿ ಬಟ್ಟಲು ಎಲ್ಲ ಹೇಳುತ್ತೇನೆ. ಇದನ್ನೂ ಹೇಳುತ್ತೇನೆ. ಕೆಲವರು ಬೈದರು, ಕೆಲವರು ಮಾತು ಬಿಟ್ಟರು. ಅವ್ವನ ವಾರಗೆಯ ಒಬ್ಬಳು, "ಅಷ್ಟೇ ದೂರಾನಾ? ಅಂಗಾರೆ ಅವಳು ಓಗಿ ಬರ್ಬೋದಿತ್ತಲ್ಲೋ" ಎಂದು ಸೆರಗು ಬಾಯಿಗೆ ಹಿಡಿದುಕೊಂಡಳು. ಬೈದವರಿಗಿಂತ ಅವಳ ಮಾತೇ ಹೆಚ್ಚು ತಾಗಿತು.

ಮಂಗಳ ಈಗ ಪ್ರತಿ ಶುಕ್ರವಾರ ಸಂಜೆ ದೊಡ್ಡಪ್ಪನಿಗೆ ಫೋನು ಮಾಡುತ್ತಾಳೆ. ಅಲ್ಲಿ ಅವತ್ತು ರಜ. ನನಗೆ ಮಾಡುವುದಿಲ್ಲ. ದೊಡ್ಡಪ್ಪನಿಗೆ ಕಿವಿ ಮಂದ, ಸ್ಪೀಕರು ಹಾಕಿಕೊಂಡೇ ಮಾತಾಡುತ್ತಾರೆ. ನಾನು ಸ್ಟ್ಯಾಂಡಿನ ಕೆಲಸ ಬೇಗ ಮುಗಿಸಿ, ಅವರ ಜಗಲಿಯ ಕಂಬಕ್ಕೆ ಒರಗಿ ಕೂರುತ್ತೇನೆ. ಮಕ್ಕಳ ಶಾಲೆ, ಬಿಸಿಲು, ಒಗ್ಗರಣೆ, ಅವಳ ಕೆಮ್ಮು, ಎಲ್ಲ ಕೇಳಿಸುತ್ತದೆ. ದೀಪಾವಳಿಗೆ ಬಾ ಎಂದು ದೊಡ್ಡಪ್ಪ ಪ್ರತಿ ವಾರ ಕರೆಯುತ್ತಾರೆ. ಅವಳು ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಅಂದಿಲ್ಲ.

ಹೋದ ಶುಕ್ರವಾರ ದೊಡ್ಡಪ್ಪ ಮಾತಿನ ನಡುವೆ, "ನಿಮ್ಮಣ್ಣ ಇಲ್ಲೇ ಜಗಲಿ ಮ್ಯಾಲೆ ಕೂತವ್ನೆ ಕಣವ್ವ" ಎಂದುಬಿಟ್ಟರು.

ನಾನು ಎದ್ದು ಹೋಗಲು ಚಪ್ಪಲಿಗೆ ಕಾಲು ಹಾಕಿದೆ.

"ಗೊತ್ತು ದೊಡ್ಡಪ್ಪ" ಎಂದಳು. ಆಮೇಲೆ, ದೊಡ್ಡಪ್ಪನ ಮಂದ ಕಿವಿಗೆ ಬೇಕಾದುದಕ್ಕಿಂತಲೂ ಸ್ವಲ್ಪ ಜೋರಾಗಿ, ಜಗಲಿಗೂ ಕೇಳುವ ಹಾಗೆ, ಅವತ್ತು ಏನು ಅಡುಗೆ ಮಾಡಿದಳೆಂದು ಹೇಳತೊಡಗಿದಳು.